ಇಷ್ಟ ಆಯ್ತು, ಹಾಕಿದೆ

ಅಪ್ಪ ಹೋದ ಮೇಲೆ ಅವರ ಸೈಕಲ್ ಬಗ್ಗೆ ನಾಲ್ಕು ಪ್ಯಾರಾ ಬರೆದು ಫೇಸ್‌ಬುಕ್ಕಿಗೆ ಹಾಕಿದ್ದೆ. ಕಳೆದ ವಾರ ಅದೇ ನಾಲ್ಕು ಪ್ಯಾರಾ, ನನ್ನ ಕಾಗುಣಿತದ ತಪ್ಪಿನ ಸಮೇತ, ಇನ್ನೊಬ್ಬರ ವಾಲ್ ಮೇಲೆ ಸಿಕ್ಕಿತು. ಕೆಳಗೆ ಸಾಲುಸಾಲು 'ಓಂ ಶಾಂತಿ'. ತೊಂದರೆ ಏನೆಂದರೆ ಆ ಮಹಾನುಭಾವರ ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಯುಗಾದಿಯ ಫೋಟೋದಲ್ಲಿ ಹೋಳಿಗೆ ತಿನ್ನುತ್ತಿದ್ದಾರೆ.

ಮೆಚ್ಚಬೇಕಾದ್ದೇ ಬಿಡಿ. ಹಿಂದೆ ಕಳ್ಳರು ಸೈಕಲ್ ಕದಿಯುತ್ತಿದ್ದರು, ಅದಕ್ಕೆ ಬೀಗ ಒಡೆಯಬೇಕಿತ್ತು, ರಾತ್ರಿ ನಿದ್ದೆಗೆಡಬೇಕಿತ್ತು, ನಾಯಿ ಬೊಗಳುತ್ತಿತ್ತು. ಈಗ ಒಂದು ಬೆರಳು ಸಾಕು. ಆ ಬೆರಳಿಗೂ ಎಂಥಾ ಜಾಣತನ ಅಂತೀರಿ, ಮೇಲಿಂದ ಸವರಿಕೊಂಡು ಬಂದು ಬರೆದವನ ಹೆಸರು ಬಂದ ಕೂಡಲೇ ಗಕ್ಕನೆ ನಿಲ್ಲುತ್ತದೆ.

12ನೇ ಶತಮಾನದವರು ಇದನ್ನು ಮೊದಲೇ ಊಹಿಸಿದ್ದರು ಅಂತ ನನ್ನ ಗುಮಾನಿ. ಬಸವಣ್ಣನ ವಚನದಿಂದ 'ಕೂಡಲಸಂಗಮದೇವಾ' ಕಿತ್ತು ನೋಡಿ, ವಚನವೇ ಕುಂಟುತ್ತದೆ. ಆಮೇಲೆ ದಾಸರೂ ಅಷ್ಟೇ, ಪುರಂದರವಿಠಲ ಅಂತ ಹಾಡಿನೊಳಗೇ ಮೊಳೆ ಹೊಡೆದಿಟ್ಟರು. ನಾನೂ ಇನ್ನು ಮೇಲೆ ಪ್ಯಾರಾಕ್ಕೊಂದು ಅಂಕಿತ ಹಾಕೋಣ ಅಂತಿದ್ದೇನೆ. 'ಅಪ್ಪನ ಸೈಕಲ್ಲಿನ ಚೈನು ಆಗಾಗ ಕಳಚುತ್ತಿತ್ತು ಕಾಣಾ ನಂಜುಂಡೇಶ್ವರಾ.' ಹೇಗಿದೆ? ಯಾರಾದರೂ ಇದನ್ನೇ ಅಬ್ದುಲ್ ಕಲಾಂ ಫೋಟೋ ಕೆಳಗೆ ಹಾಕಿ 'ಶುಭೋದಯ' ಅನ್ನುತ್ತಾರೆ, ಆ ಮಾತು ಬೇರೆ.

ಕಾನೂನು ಇಲ್ಲ ಅಂತೇನಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ನಾನು ಸತ್ತ ಮೇಲೂ 60 ವರ್ಷ ನನ್ನ ಬರಹ ಕಾಯುತ್ತದಂತೆ. ಗೊತ್ತಿದ್ದೂ ಕದ್ದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ ಅಲ್ಲ ಅಂತಾದರೆ ಕೋರ್ಟು ಕಮ್ಮಿ ಮಾಡಲೂಬಹುದು. ಓಂ ಶಾಂತಿಗೆ ರೇಟು ಎಷ್ಟು ಅಂತ ಕಾಯ್ದೆಯಲ್ಲಿಲ್ಲ. ಸರಿ, ಸ್ಟೇಷನ್ನಿಗೆ ಹೋದೆ ಅಂತಲೇ ಇಟ್ಟುಕೊಳ್ಳಿ.

"ಏನ್ರೀ ಕಳುವಾಗಿದೆ?"

"ನಮ್ಮಪ್ಪ, ಸಾರ್."

"ಮಿಸ್ಸಿಂಗ್ ಕಂಪ್ಲೇಂಟಾ?"

ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯವರೇ ವಾಸಿ, 2018ರಲ್ಲೇ ನಕಲಿಗೆ ಲೆಕ್ಕ ಬರೆದಿಟ್ಟಿದ್ದಾರೆ. ಥೀಸಿಸ್ಸಿನಲ್ಲಿ ಬೇರೆಯವರ ಬರಹದ ಜೊತೆ ಶೇ 10ರವರೆಗೆ ಹೋಲಿಕೆ ಸಿಕ್ಕರೆ ಶಿಕ್ಷೆ ಇಲ್ಲ. 40ರವರೆಗೆ ಹೋದರೆ ತಿದ್ದಿ ತನ್ನಿ, 6 ತಿಂಗಳು ಟೈಮು. 60 ದಾಟಿದರೆ ನೋಂದಣಿಯೇ ರದ್ದು. ನಮ್ಮವರದ್ದು ಪೂರ್ತಿ 100. ಅಲ್ಲಲ್ಲ, ಕೊನೆಗೆ ಕೈಮುಗಿಯುವ ಇಮೋಜಿ ಒಂದು ಸ್ವಂತದ್ದು. 99 ಅನ್ನೋಣ.

ಆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ನಾನು ಶಾಲೆಗೆ ಹೋಗಿದ್ದೇನೆ ಕಣ್ರೀ. ಅದನ್ನು ಬರೆಯೋಕೆ ಮೂರು ದಿನ ಹಿಡಿಯಿತು. ಒಂದು ಸಾಲು ಬರೆದು, ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಕೂತದ್ದಿದೆ. ಅದನ್ನು ಎತ್ತಿಕೊಂಡು ಹೋಗಿ, ಮನೆಯಲ್ಲಿ ಅಪ್ಪ ಕಾಫಿ ಕುಡಿಯುತ್ತಾ ಕೂತಿರುವಾಗ, ಊರವರಿಂದ ಸಮಾಧಾನ ಹೇಳಿಸಿಕೊಳ್ಳೋದಕ್ಕೆ ನಾಚಿಕೆ ಆಗಲ್ವಾ?

ಇಷ್ಟನ್ನೂ ಅವರಿಗೆ ಬರೆಯಲಿಲ್ಲ. 'ಅದು ನಾನು ಬರೆದದ್ದು' ಅಂತ ಮಾತ್ರ ಮೆಸೇಜ್ ಹಾಕಿದೆ. ತಕ್ಷಣ ಉತ್ತರ ಬಂತು, ಬಹಳ ವಿನಯದಿಂದ: "ಸರ್, ಓದಿ ಇಷ್ಟ ಆಯ್ತು, ಸುಮ್ನೆ ಹಾಕಿದೆ. ಬೇಕಾದ್ರೆ ಈಗ್ಲೇ ಕ್ರೆಡಿಟ್ ಕೊಡ್ತೀನಿ."

ಕೊಟ್ಟರು ಕೂಡ. ಐದೇ ನಿಮಿಷದಲ್ಲಿ ಇಮೋಜಿಯ ಕೆಳಗೆ ಒಂದು ಸಾಲು ಬಂತು.

'ಕೃಪೆ: ಅಂತರ್ಜಾಲ.'