‘ಪಾಪ’ ಅನ್ನೋ ಮಾತು ಮತ್ತು ನಮ್ಮ ಚಿನ್ನಿ

ಚಿನ್ನಿಗೆ ಈಗ ಎಂಟು ವರ್ಷ. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರ ತರಕಾರಿ ಗಾಡಿಯ ಕೆಳಗೆ ಸಿಕ್ಕ ನಾಯಿಮರಿ. ಈ ಸಲ ಮಾವಿನಹಣ್ಣಿನ ಕಾಲದಲ್ಲಿ ಅವಳ ಹೊಟ್ಟೆ ಸವರುವಾಗ ಕೈಗೆ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಮಳೆ ಹಿಡಿಯುವ ಹೊತ್ತಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು. ಮೊಲೆಯ ಗಡ್ಡೆ. ಹೆಣ್ಣು ನಾಯಿಗಳಲ್ಲಿ ಇಂಥ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ ಎಂದರು ಡಾಕ್ಟರ್. ನಮ್ಮದು ಆ ಅರ್ಧಕ್ಕೆ ಸೇರಿತ್ತು.

ಎರಡು ತಿಂಗಳಿಂದ ಯೋಚನೆ ಮಾಡ್ತಾ ಇದ್ದೇನೆ. ನಾವು ಮಾಡಿದ ಒಂದೊಂದು ತಪ್ಪೂ ಶುರುವಾಗಿದ್ದು ‘ಪಾಪ’ ಅನ್ನೋ ಮಾತಿನಿಂದ.

ಮೊದಲನೇ ಪಾಪ ಏಳು ವರ್ಷ ಹಳೆಯದು. ಮರಿಗೆ ಆರು ತಿಂಗಳಾದಾಗಲೇ ಸಂತಾನಹರಣದ ಆಪರೇಷನ್ ಮಾಡಿಸಿಬಿಡಿ ಎಂದು ಡಾಕ್ಟರ್ ಹೇಳಿದ್ದರು. ಅಮ್ಮ, “ಪಾಪ ಕಣೋ, ಹೆಣ್ಣು ಜೀವ. ಒಂದ್ಸಲ ತಾಯಿಯಾಗ್ಲಿ ಬಿಡು” ಎಂದಳು. ನಾನು ಬಿಟ್ಟೆ. ಅಮ್ಮನ ಮೇಲೆ ಹಾಕಿ ಜಾರಿಕೊಳ್ಳೋ ಹಾಗಿಲ್ಲ. ದುಡ್ಡು ಉಳಿಯಿತು, ಎರಡು ದಿನದ ರಜೆಯೂ ಉಳಿಯಿತು ಎಂದು ಒಳಗೊಳಗೇ ಖುಷಿಯಾಗಿತ್ತು. ಚಿನ್ನಿ ತಾಯಿಯೂ ಆಗಲಿಲ್ಲ. ಮೂರನೇ ಮಹಡಿಯ ಫ್ಲ್ಯಾಟಿಗೆ ಗಂಡು ಎಲ್ಲಿಂದ ಬರಬೇಕು?

ಇದಕ್ಕೆ 1969ರಷ್ಟು ಹಳೆಯ ಒಂದು ಲೆಕ್ಕವಿದೆ. ಇವತ್ತಿಗೂ ವೆಟ್‌ಗಳು ಅದನ್ನೇ ಹೇಳುತ್ತಾರೆ. ಆಪರೇಷನ್ ಮಾಡಿಸದ ನಾಯಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ನೂರು ಎಂದಿಟ್ಟುಕೊಳ್ಳಿ. ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಅದು ಬರೀ 0.5ಕ್ಕೆ ಇಳಿಯುತ್ತದೆ, ಅಂದರೆ ಒಂದರಲ್ಲೂ ಅರ್ಧ. ಒಂದು ಬೆದೆ ಆದ ಮೇಲೆ ಮಾಡಿಸಿದರೆ 8. ಎರಡಾದ ಮೇಲೆ 26. ಅಲ್ಲಿಂದ ಮುಂದೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. (ದೊಡ್ಡ ಜಾತಿಯ ನಾಯಿಗಳಿಗೆ ಮೂಳೆ ಬೆಳೆಯಲಿ ಎಂದು ಸ್ವಲ್ಪ ಕಾಯಿಸುವುದೂ ಉಂಟು. ನಿಮ್ಮ ಡಾಕ್ಟರನ್ನೇ ಕೇಳಿ, ನನ್ನ ಮಾತು ಕಟ್ಟಿಕೊಂಡು ಹೋಗಬೇಡಿ.)

ಈ ರೋಗ ಹರಡಿದರೆ ಹೆಚ್ಚಾಗಿ ಓಡುವುದು ಶ್ವಾಸಕೋಶಕ್ಕೆ. ಅದಕ್ಕೇ ಕತ್ತರಿ ಹಾಕುವ ಮುಂಚೆ ಎದೆಯ ಎಕ್ಸ್‌ರೇ. ಪುಣ್ಯಕ್ಕೆ ಸ್ವಚ್ಛವಾಗಿತ್ತು. ಜುಲೈನಲ್ಲಿ ಒಂದು ಬದಿಯ ಮೊಲೆಗಳ ಸಾಲನ್ನು ಪೂರ್ತಿ ತೆಗೆದರು. ಎದೆಯಿಂದ ತೊಡೆಯ ಸಂದಿಯವರೆಗೆ ಹೊಲಿಗೆ. ಟ್ಯಾಕ್ಸಿಯವರು ನಾಯಿ ನೋಡಿ ಮೂರು ಸಲ ಕ್ಯಾನ್ಸಲ್ ಮಾಡಿದ್ದು, ಲಿಫ್ಟಿಲ್ಲದ ಬಿಲ್ಡಿಂಗಿನಲ್ಲಿ ಹದಿನೆಂಟು ಕೆಜಿಯನ್ನು ನಾನೂ ವಾಚ್‌ಮನ್ನೂ ಬೆಡ್‌ಶೀಟಿನಲ್ಲಿ ಹೊತ್ತು ಹತ್ತಿಸಿದ್ದು, ಅದೆಲ್ಲಾ ಬೇರೆ ಕಥೆ.

ಆಪರೇಷನ್ ಎರಡು ಗಂಟೆಯ ಕೆಲಸ, ಅದು ಡಾಕ್ಟರದ್ದು. ಆಮೇಲಿನ ಹದಿನಾಲ್ಕು ದಿನ ನಮ್ಮದು. ಹೊಲಿಗೆ ನೆಕ್ಕದಿರಲಿ, ಕಚ್ಚದಿರಲಿ ಎಂದು ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿ ಕಳಿಸಿದ್ದರು. “ಎಣ್ಣೆ ಹೊಯ್ಯೋ ಆಲಿಕೆ ಸಿಗಿಸಿದ್ದಾರಲ್ಲೋ” ಎಂದಳು ಅಮ್ಮ. ಬಾಗಿಲಿಗೆ ಢಬ್, ಕುರ್ಚಿಗೆ ಢಬ್, ನೀರಿನ ಬಟ್ಟಲು ಉರುಳಿ ಮನೆಯೆಲ್ಲಾ ಹೊಳೆ. ಐದನೇ ರಾತ್ರಿ ಅವಳು ಮೂಲೆಗೆ ಮುಖ ಮಾಡಿ ಸುಮ್ನೆ ನಿಂತುಬಿಟ್ಟಳು. ಮಲಗಲೂ ಇಲ್ಲ. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. “ಪಾಪ ರೀ, ಒಂದು ಗಂಟೆ ಬಿಚ್ಚೋಣ, ನಾನು ನೋಡ್ಕೊಳ್ತೀನಿ.” ಬಿಚ್ಚಿದೆವು. ನೋಡ್ಕೊಳ್ಳುವವರೂ ನಿದ್ದೆ ಹೋದರು, ನಾನೂ ಹೋದೆ. ಬೆಳಗ್ಗೆ ನೋಡಿದರೆ ಮೂರು ಹೊಲಿಗೆ ಬಿಚ್ಚಿವೆ, ಚಾಪೆಯ ಮೇಲೆ ರಕ್ತ. ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ. ಹದಿನಾಲ್ಕು ದಿನದ ಲೆಕ್ಕ ಮತ್ತೆ ಒಂದರಿಂದ ಶುರು.

ನೋವಿನ ದಿನಗಳಲ್ಲಿ ಇನ್ನೊಂದು ಪಾಪ ಆಗುವುದರಲ್ಲಿತ್ತು. ಅವಳ ನರಳಾಟ ಕೇಳಲಾರದೆ ಅಮ್ಮ ತನ್ನ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಇಡ್ಲಿಯೊಳಗೆ ಇಟ್ಟಿದ್ದಳು. ಐಬುಪ್ರೊಫೆನ್. ನಾಯಿಗೆ ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಜಾಸ್ತಿಯಾದರೆ ಕಿಡ್ನಿಯನ್ನೇ ಕೆಡಿಸುತ್ತದೆ. ಚಿನ್ನಿ ಇಡ್ಲಿ ತಿಂದು ಮಾತ್ರೆ ಉಗಿದಿದ್ದಳು. ಮಾತ್ರೆ ಉಗಿಯುತ್ತಾಳೆ ಎಂದು ಅವಳಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ. ಆವತ್ತು ಮಾತ್ರ ಕೈ ಮುಗಿದೆ.

“ನಾಯಿಗೆ ಇಷ್ಟೆಲ್ಲಾ ಬೇಕಾ?” ಎಂದು ಊರಿನಿಂದ ಫೋನ್ ಮಾಡಿ ಕೇಳಿದವರಿದ್ದಾರೆ. ಅವರಿಗೆ ಉತ್ತರ ಕೊಡುವ ಉತ್ಸಾಹ ನನಗಿಲ್ಲ. ನನ್ನ ಜಗಳ ಪ್ರೀತಿ ಇದ್ದವರ ಜೊತೆ, ಅಂದರೆ ನಮ್ಮ ಮನೆಯವರ ಜೊತೆಗೇ. ಎರಡನೇ ಸುತ್ತಿನಲ್ಲಿ ನಾವು ಕಲ್ಲುಮನಸ್ಸು ಮಾಡಿಕೊಂಡೆವು. ಕೋನ್ ಬಿಚ್ಚಲಿಲ್ಲ. ಬಟ್ಟಲನ್ನು ಸ್ಟೂಲಿನ ಮೇಲಿಟ್ಟೆವು. ಸೋಫಾ ಹತ್ತದ ಹಾಗೆ ಕುರ್ಚಿ ಅಡ್ಡ ಇಟ್ಟೆವು. ಮಳೆಯಲ್ಲಿ ಹೊಲಿಗೆ ಒದ್ದೆಯಾಗಬಾರದಲ್ಲ, ನನ್ನ ಹಳೇ ಬನಿಯನ್ ತೊಡಿಸಿ, ಕೊಡೆ ಹಿಡಿದು ಗೇಟಿನವರೆಗೆ ಮಾತ್ರ ವಾಕಿಂಗ್. ರಾತ್ರಿ ಪಾಳಿ ಹಾಕಿದೆವು. ಹನ್ನೆರಡರಿಂದ ಮೂರು ಅಮ್ಮನದು. ಜಪಸರ ಹಿಡಿದು ಪಕ್ಕದಲ್ಲಿ ಕೂತು, ಅವಳು ಹೊಟ್ಟೆಯ ಕಡೆ ತಲೆ ತಿರುಗಿಸಿದರೆ ಸಾಕು, “ಏಯ್!”

ಹೊಲಿಗೆ ಬಿಚ್ಚಿ ಒಂದು ತಿಂಗಳಾಯಿತು. ಕತ್ತರಿಸಿ ತೆಗೆದ ಭಾಗದ ಅಂಚಿನಲ್ಲಿ ರೋಗ ಇಲ್ಲ ಎಂದು ಬಯಾಪ್ಸಿ ರಿಪೋರ್ಟು. ಆದರೂ ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಮಾಡಿಸಬೇಕು, ಇನ್ನೊಂದು ಬದಿಯನ್ನು ವಾರಕ್ಕೊಮ್ಮೆ ಸವರಿ ನೋಡಬೇಕು.

ಮೊನ್ನೆ ಕೆಳಗಿನ ಮನೆಯ ಮರಾಠಿ ಆಂಟಿ, ನಮ್ಮ ‘ಕಾಕು’, ಐದು ತಿಂಗಳ ಹೆಣ್ಣು ಮರಿ ತಂದಿದ್ದಾರೆ. ಆಪರೇಷನ್ ಮಾತೆತ್ತಿದೆ. “ಬಿಚಾರೀ, ಒಂದ್ಸಲ ಮರಿ ಆಗ್ಲಿ” ಎಂದರು ಮರಾಠಿಯಲ್ಲಿ. ಬಿಚಾರೀ ಅಂದರೆ ಅದೇ ನಮ್ಮ ‘ಪಾಪ’. ನಾನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನೆಲಕ್ಕೆ ಕೂತು, ಚಿನ್ನಿಯನ್ನು ಅಂಗಾತ ಮಲಗಿಸಿ, ಎದೆಯಿಂದ ತೊಡೆಯವರೆಗಿನ ಗಾಯದ ಗೆರೆ ತೋರಿಸಿದಳು. ಕಾಕು ಕನ್ನಡಕ ತರಿಸಿಕೊಂಡು ನೋಡಿದರು. ಶನಿವಾರ ಡಾಕ್ಟರ್ ಎಷ್ಟು ಗಂಟೆಗೆ ಬರ್ತಾರೆ ಎಂದು ಕೇಳಿದರು.