ನೀರು ನೋಡ್ಕೊಂಡು ಬರೋಣ

ನಮ್ಮ ಮೈಸೂರು ಕಡೆ ಭಾನುವಾರ ಬೆಳಿಗ್ಗೆ ಕಾಫಿ ಲೋಟದ ಜೊತೆಗೇ ಏಳುವ ಒಂದು ಮಾತಿದೆ: ‘ನಡೀರಿ, ನೀರು ನೋಡ್ಕೊಂಡು ಬರೋಣ.’ ಮನೆಯ ನಲ್ಲಿಯಲ್ಲಿ ಬರುವುದೂ ನೀರೇ. ಅದೂ ಅದೇ ಕಾವೇರಿಯದು. ಆದರೆ ಅದನ್ನು ಯಾರೂ ನೋಡುವುದಿಲ್ಲ, ಹಿಡಿಯುತ್ತಾರೆ ಅಷ್ಟೆ. ನೋಡುವ ನೀರೇ ಬೇರೆ. ಅದು ಹೊಳೆಯಲ್ಲಿರಬೇಕು, ಹರಿಯುತ್ತಿರಬೇಕು, ಪಕ್ಕದಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಇರಬೇಕು.

ಮಳೆಗಾಲದಲ್ಲಿ ಈ ಹುಚ್ಚು ಜಾಸ್ತಿ. ಪೇಪರ್ ಬಂದ ತಕ್ಷಣ ನಮ್ಮ ದೊಡ್ಡಪ್ಪ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ಮಟ್ಟ. ಗರಿಷ್ಠ 124.80 ಅಡಿ. ಮೊಮ್ಮಗಳು ಎಷ್ಟನೇ ಕ್ಲಾಸು ಅಂತ ಕೇಳಿದರೆ ಎರಡು ಸಲ ತಲೆ ಕೆರೆದುಕೊಳ್ಳುವ ಮನುಷ್ಯ, ನಿನ್ನೆ ಕಟ್ಟೆಯಲ್ಲಿ ಎಷ್ಟು ಅಡಿ ಇತ್ತು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಕಟ್ಟೆ ತುಂಬಿ ಗೇಟು ಎತ್ತಿದರೆ ಮುಗಿಯಿತು, ಅವತ್ತೇ ಹೊರಡಬೇಕು. ಆದರೆ ಗೇಟು ಎತ್ತಿದ ದಿನ ಕೆಳಗಿನ ಬಲಮುರಿ, ಎಡಮುರಿಗೆ ಬಿಡುವುದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿರುತ್ತಾರೆ. ಎಲ್ಲೋ ಸೇತುವೆ ಮೇಲೆ ನಿಂತು, ಪೊಲೀಸರ ಕೈಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನಿಸಿಕೊಂಡು ಬರುವುದು. ಬೇಸಿಗೆಯಲ್ಲಿ ಹೋದರೆ ಯಾರೂ ತಡೆಯುವುದಿಲ್ಲ, ಆಗ ನೋಡಲು ಬಂಡೆ ಬಿಟ್ಟರೆ ಬೇರೆ ಇರುವುದಿಲ್ಲ. ಹಾಗಾಗಿ ನಮ್ಮ ಸವಾರಿ ಹೊರಡುವುದು ಮಳೆ ಮುಗಿದು, ಹೊಳೆ ಸ್ವಲ್ಪ ಸಮಾಧಾನಕ್ಕೆ ಬಂದ ಮೇಲೆ.

ಬಲಮುರಿಗೆ ಎಲ್ಲರೂ ‘ಫಾಲ್ಸ್’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಹೊಳೆಗೆ ಅಡ್ಡ ಹಾಕಿದ ಒಂದು ಒಡ್ಡು. ನೀರು ಅದರ ಉದ್ದಕ್ಕೂ ತೆಳ್ಳಗೆ, ಕಾವಲಿಗೆ ಹುಯ್ದ ನೀರುದೋಸೆಯ ಹಾಗೆ ಹರಡಿಕೊಂಡು ಬಂದು ಆಚೆ ಬೀಳುತ್ತದೆ. ಬೀಳುವುದು ಅಂದರೂ ಒಂದಾಳು ಎತ್ತರದಿಂದ. ಜೋಗ ನೋಡಿದವರು ಇದನ್ನು ನೋಡಿ ನಕ್ಕಾರು. ಆದರೆ ಜೋಗದ ಕೆಳಗೆ ಕಾಲು ಚಾಚಿ ಕೂತು ಪುಳಿಯೋಗರೆ ತಿನ್ನಲು ಆಗುತ್ತಾ?

ನನಗೆ ಆಗಾಗ ಅನಿಸುವುದಿದೆ, ನಾವು ಮಜಾ ಮಾಡಲು ಹೋಗುವ ಈ ಜಾಗಗಳನ್ನು ಯಾರೂ ಮಜಾಕ್ಕೆ ಅಂತ ಮಾಡಿದ್ದಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿದ್ದು ಮಂಡ್ಯದ ಗದ್ದೆಗಳಿಗೆ, ಶಿವನಸಮುದ್ರದ ಕರೆಂಟಿಗೆ. ರಂಗನತಿಟ್ಟಿನ ನಡುಗಡ್ಡೆಗಳು ಆಗಿದ್ದೂ ಹಾಗೆಯೇ. 17ನೇ ಶತಮಾನದಲ್ಲಿ ಮೈಸೂರು ಅರಸರು ಹೊಳೆಗೆ ಕಟ್ಟೆ ಹಾಕಿಸಿದರು, ನೀರು ನಿಂತಿತು, ತಿಟ್ಟುಗಳು ಎದ್ದವು, ಹಕ್ಕಿಗಳು ಬಂದು ಕೂತವು. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣದ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಬತ್ತಕ್ಕೆಂದು ತಡೆದ ನೀರು. ಹಕ್ಕಿ ಬಂದು ಕೂತಿತು ಅಂತ ನಾವೂ ಹೋಗಿ ಕೂತೆವು.

ಕೂರುವುದು ಅಂದ ಮೇಲೆ ಜಾಗದ ಮಾತು. ಹೊಳೆದಂಡೆ ಯಾರದು? ವಕೀಲರಾದ ನಮ್ಮ ಭಾವ ಒಂದು ಸಲ ಚಕ್ಕುಲಿ ಕಡಿಯುತ್ತಾ ವಿವರಿಸಿದರು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964, ಅದರ 67ನೇ ಕಲಂ. ಸಾರ್ವಜನಿಕ ರಸ್ತೆ, ಸೇತುವೆ, ಹೊಳೆಯ ತಳ, ಹಳ್ಳ, ಕೆರೆ, ನಿಂತ ನೀರು, ಹರಿಯುವ ನೀರು, ಬೇರೆಯವರ ಹಕ್ಕು ಇಲ್ಲದ ಎಲ್ಲವೂ ಸರ್ಕಾರದ್ದು. ಭಾವ ಹೇಳಿ ಮುಗಿಸುವಷ್ಟರಲ್ಲಿ ಎರಡು ವ್ಯಾನು ಜನ ಬಂದು ಇಳಿದು, ಹೊಂಗೆ ಮರದ ನೆರಳಿಗೆ ಜಮಖಾನ ಹಾಸಿಬಿಟ್ಟಿದ್ದರು. ಭಾನುವಾರದ ಕಾಯ್ದೆ ಪ್ರಕಾರ ಮೊದಲು ಹಾಸಿದವರದ್ದು ಜಾಗ. ಜಮಖಾನ ಇಲ್ಲದಿದ್ದರೆ ಒಂದು ಜೊತೆ ಚಪ್ಪಲಿ ಬಿಟ್ಟರೂ ಸಾಕು. ಬಸ್ಸಿನ ಸೀಟಿಗೆ ಟವೆಲ್ ಹಾಕುವ ಕಾನೂನೇ, ಹೊಳೆಗೆ ತಕ್ಕಂತೆ ತಿದ್ದುಪಡಿ ಆಗಿದೆ. ಭಾವ ಬಿಸಿಲಲ್ಲೇ ಕೂತರು.

ಊಟದ ವಿಷಯಕ್ಕೆ ಬಂದರೆ ನಮ್ಮದು ಅನ್ನಗಳ ಸಂಸಾರ. ಚಿತ್ರಾನ್ನ, ಪುಳಿಯೋಗರೆ, ಕೊನೆಗೆ ಮೊಸರನ್ನ. ವಿಜಯಪುರದ ನನ್ನ ಗೆಳೆಯನಿಗೆ ಇದು ನಗೆಪಾಟಲು. ‘ಏನ್ರೀ, ಬರೇ ಅನ್ನಾ ಕಟ್ಕೊಂಡು ಹೋಗ್ತೀರಿ’ ಅನ್ನುತ್ತಾನೆ. ಅವರ ಕಡೆ ಸಂಕ್ರಾಂತಿಗೆ ಹೊಳೆಗೆ ಹೋಗುತ್ತಾರೆ. ಎಳ್ಳು ಅರಿಶಿನ ಅರೆದು ಮೈಗೆ ಹಚ್ಚಿಕೊಂಡು ಮುಳುಗು ಹಾಕಿ, ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ. ಕೇಳುತ್ತಿದ್ದರೆ ನಮ್ಮ ಚಿತ್ರಾನ್ನ ಸ್ವಲ್ಪ ಸಪ್ಪೆ ಅನಿಸುವುದು ನಿಜ. ಅವನ ಮುಂದೆ ಒಪ್ಪಿಕೊಂಡಿಲ್ಲ.

ಈ ಮೊಸರನ್ನದಿಂದಲೇ ನಮ್ಮ ಮನೆಯಲ್ಲಿ ಒಂದು ಪ್ರಕರಣ ನಡೆಯಿತು. ಸೋದರತ್ತೆಯ ಹತ್ತಿರ ಒಂದು ಸ್ಟೀಲ್ ಡಬ್ಬಿ ಇದೆ, ಮದುವೆಗೆ ಬಂದದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅತ್ತೆಯ ಹೆಸರು, ಕೊಟ್ಟವರ ಹೆಸರು, ತಾರೀಖು, ಎಲ್ಲ ಕೊರೆದಿದೆ. ಊಟ ಆದ ಮೇಲೆ ಒಡ್ಡಿನ ಕೆಳಗಿನ ಬಂಡೆ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತೆ ಆ ಮುಚ್ಚಳವನ್ನು ನೀರಿಗೆ ಅದ್ದಿ ಬೆರಳಲ್ಲಿ ಉಜ್ಜುತ್ತಿದ್ದರು. ಅಂಚಿಗೆ ಮೆತ್ತಿದ್ದ ಎರಡು ಅಗುಳಿಗೆ ಸಣ್ಣ ಮೀನುಗಳು ಮುತ್ತಿಕೊಂಡವು. ‘ಅಯ್ಯೋ ನೋಡ್ರೋ’ ಅಂತ ಅತ್ತೆ ನಮ್ಮ ಕಡೆ ತಿರುಗಿದರು. ಕೈ ಸಡಿಲವಾಯಿತು. ಮುಚ್ಚಳ ಮುಳುಗಲಿಲ್ಲ. ಅಂಗಾತ ಬಿದ್ದದ್ದು ಹಾಗೇ ತೇಲಿತು. ಪುಟ್ಟ ತೆಪ್ಪದ ಹಾಗೆ ಗಿರಗಿರ ಎರಡು ಸುತ್ತು ಸುತ್ತಿ, ಬಿಸಿಲಿಗೆ ಒಮ್ಮೆ ಫಳ್ ಅಂತ ಹೊಳೆದು, ಬಂಡೆಗಳ ನಡುವಿನ ಸೆಳೆತಕ್ಕೆ ಸಿಕ್ಕಿ ಹೊರಟೇಹೋಯಿತು. ಭಾವ ಪ್ಯಾಂಟು ಮಡಚಿಕೊಂಡು ನಾಲ್ಕು ಹೆಜ್ಜೆ ಓಡಿದರು. ಪಾಚಿಗೆ ಕಾಲಿಟ್ಟು ಅಲ್ಲೇ ಕೂತರು. ನಾನು ಇಳಿಯಲು ಹೋದೆ, ಅತ್ತೆಯೇ ಷರಟು ಹಿಡಿದು ಎಳೆದರು.

ಎಳೆದದ್ದು ಸರಿಯೇ. ‘ಇಲ್ಲಿ ಈಜುವುದು ಅಪಾಯ’ ಅನ್ನುವ ಹಲಗೆಯನ್ನು ಸುಮ್ನೆ ಹಾಕಿರುವುದಿಲ್ಲ. ಒಡ್ಡಿನ ಕೆಳಗೆ ಬಿದ್ದ ನೀರು ತಳವನ್ನು ತೋಡುತ್ತಾ ಇರುತ್ತದೆ, ಬಿದ್ದಲ್ಲಿಗೇ ಮಗುಚಿಕೊಂಡು ಬರುತ್ತದೆ. ಇಲ್ಲಿ ಮೊಳಕಾಲು, ಪಕ್ಕದ ಹೆಜ್ಜೆಗೆ ಆಳುದ್ದ. ಈಜು ಬರುತ್ತೆ ಅನ್ನುವವರೇ ಹೆಚ್ಚು ಸಿಕ್ಕಿಬೀಳುವುದು.

ವಾಪಸ್ ಬರುವಾಗ ಕಾರಿನಲ್ಲಿ ಅತ್ತೆ ಮುತ್ತತ್ತಿಯ ಕಥೆ ತೆಗೆದರು. ಕಾವೇರಿ ಕಾಡಿನ ನಡುವೆ ಹರಿಯುವ ಆ ಜಾಗದಲ್ಲಿ ಆಂಜನೇಯನ ಗುಡಿ ಇದೆ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿತ್ತಂತೆ. ಹನುಮಂತ ನೀರಿಗೆ ಬಾಲ ಬಿಟ್ಟು, ಹುಡುಕಿ ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತಿದ ರಾಯ, ಮುತ್ತೆತ್ತರಾಯ. ಕಥೆ ಹೇಳಿ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಭಾವನ ಒದ್ದೆ ಪ್ಯಾಂಟನ್ನೂ ನನ್ನನ್ನೂ ಒಮ್ಮೆ ನೋಡಿದರು.

‘ಸೀತಮ್ಮಂಗೆ ಹನುಮಂತ ಇದ್ದ. ನನಗೆ ನೀವಿದ್ದೀರಿ.’

ಯಾರೂ ಉಸಿರೆತ್ತಲಿಲ್ಲ.

ಅಂದಿನಿಂದ ಆ ಡಬ್ಬಿಗೆ ಅಳತೆ ಕೂಡದ ಒಂದು ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ ತರುತ್ತಾರೆ. ಹೊಸ ಡಬ್ಬಿ ಕೊಡಿಸುತ್ತೇನೆ ಅಂದರೆ ಬೇಡ. ‘ಹೆಸರು ಹಾಕ್ಸಿದೆ ಕಣೋ, ಸಿಕ್ಕಿದೋರು ಕೊಡ್ತಾರೆ’ ಅನ್ನುತ್ತಾರೆ.

ಹೋದ ಜನವರಿಯಲ್ಲಿ ಅತ್ತೆಯನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದೆ. ಬಲಮುರಿಯಿಂದ ಹೊಳೆ ಹರಿದು ಬರುವುದು ಅಲ್ಲಿಗೇ. ನನಗೆ ಇದು ತಲೆಗೇ ಹೋಗಿರಲಿಲ್ಲ, ಅತ್ತೆಗೆ ಹೋಗಿತ್ತು ಅಂತ ಕಾಣುತ್ತದೆ. ದೋಣಿ ಬಂಡೆಯೊಂದರ ಹತ್ತಿರ ನಿಂತಿತು. ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಎಲ್ಲರೂ ಮೊಬೈಲು ಎತ್ತಿದರು. ಅತ್ತೆ ಬಗ್ಗಿ ಬಂಡೆಯ ಬುಡದ ಜೊಂಡಿನಲ್ಲಿ ಕಣ್ಣಾಡಿಸುತ್ತಿದ್ದರು. ಮುಂದಿನ ತಿಟ್ಟಿನಲ್ಲಿ ಬಿಳಿ ಹಕ್ಕಿಗಳ ಸಂತೆ. ದೋಣಿಯವರು ಹುಟ್ಟು ನಿಲ್ಲಿಸಿ ಕೈ ತೋರಿಸಿದರು. ‘ಅಲ್ಲಿ ನೋಡಿ ಅಮ್ಮ, ಕೊಕ್ಕು ಚಪ್ಪಟೆ ಇದೆಯಲ್ಲ, ಅದಕ್ಕೆ ಚಮಚ ಕೊಕ್ಕು ಅಂತಾರೆ.’

ಅತ್ತೆ ತಲೆ ಎತ್ತಿ ನೋಡಿದರು. ಆಮೇಲೆ ನನ್ನ ಮೊಣಕೈಗೆ ತಿವಿದರು.

‘ಚಮಚ ಇಲ್ಲಿಗೆ ಬಂದಿದೆ ಅಂದ್ಮೇಲೆ ಮುಚ್ಚಳನೂ ಇಲ್ಲೇ ಎಲ್ಲೋ ಇರುತ್ತೆ. ಸರಿಯಾಗಿ ನೋಡು.’