ಆ ರಾಜೀನಾಮೆಗೆ ಸೀಲ್ ಹಾಕಿದವಳು ನಾನೇ

ಇವತ್ತು ಮಧ್ಯಾಹ್ನ ಒಂದು ರಾಜೀನಾಮೆ ಪತ್ರಕ್ಕೆ ನನ್ನ ಕೈಯಾರೆ, ಪತ್ರ ತಲುಪಿದೆ ಅನ್ನುವ ಇನ್‌ವರ್ಡ್ ಸೀಲ್ ಹಾಕಿದೆ. ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಸಾಲ ವಸೂಲಿ ನೋಡಿಕೊಳ್ಳುತ್ತಿದ್ದ ಹುಡುಗಿಯದು. ಏಳು ವರ್ಷ ದುಡಿದವಳು. ಪತ್ರದಲ್ಲಿ ಎರಡೇ ಸಾಲು. 'ವೈಯಕ್ತಿಕ ಕಾರಣ' ಅಂತ ಬರೆದಿದ್ದಳು. ವೈಯಕ್ತಿಕ ಕಾರಣ ಏನೂ ಇರಲಿಲ್ಲ. ಅದು ನನಗೆ ಗೊತ್ತು, ಇಡೀ ಆಫೀಸಿಗೆ ಗೊತ್ತು.

ಅವಳು ಮೆಟ್ಟಿಲು ಇಳಿದು ಹತ್ತು ನಿಮಿಷ ಆಗಿಲ್ಲ, ನಮ್ಮ ಹಿರಿಯರೊಬ್ಬರು ಹೇಳಿದರು: "ನೋಡಿ ಮೇಡಂ, ಹೆಣ್ಣುಮಕ್ಕಳಿಗೆ ಮೇಲಿನ ಪೋಸ್ಟ್ ಕೊಡೋಕೆ ಹೆದರಿಕೆ ಆಗೋದು ಇದಕ್ಕೇ. ಯಾವತ್ತು ಬಿಟ್ಟು ಹೋಗ್ತಾರೋ ಹೇಳೋಕಾಗಲ್ಲ."

ಅಲ್ಲ, ಕೊಡಲಿಲ್ಲ ಅಂತಲೇ ಅಲ್ವಾ ಅವಳು ಹೋಗಿದ್ದು?

ಆಗಿನಿಂದ ತಲೆ ಕಾದಿದೆ. ಮನೆಗೆ ಬಂದರೂ ಇಳಿದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಸಂಘ ಸೇರಿ ಹದಿನಾಲ್ಕು ವರ್ಷ ಆಯಿತು. ನಾಲ್ಕು ಜನ ಮ್ಯಾನೇಜರ್‌ಗಳನ್ನು ನೋಡಿದ್ದೇನೆ. ನಾಲ್ವರೂ ಗಂಡಸರು. ನಾಲ್ವರೂ ಅವೇ ಎರಡು ಸಮುದಾಯದವರು. ಅಧ್ಯಕ್ಷರ ಕತೆಯೂ ಅದೇ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಇದೆ. ಇಬ್ಬರೂ ಒಳ್ಳೆಯವರು, ಬುದ್ಧಿವಂತರು. ಆದರೆ ಚರ್ಚೆ ಎಲ್ಲ ಮುಗಿದ ಮೇಲೆ ನಡಾವಳಿ ಪುಸ್ತಕ ಅವರ ಮುಂದೆ ಬರುತ್ತದೆ, ಸಹಿಗೆ. ನಮ್ಮದೇ ರಾಜ್ಯದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೆ ನಾಲ್ಕನೇ ಒಂದು ಭಾಗ ಸ್ಥಾನ ಕೊಟ್ಟಿದ್ದರು. 2010ರಿಂದ ಪಂಚಾಯಿತಿಗಳಲ್ಲಿ ಅರ್ಧಕ್ಕರ್ಧ ಇದೆ. ಊರು ನಡೆಸಬಲ್ಲ ಹೆಂಗಸು ಅಡಿಕೆ ಸಂಘ ನಡೆಸಲಾರಳಾ?

ಆ ಹುಡುಗಿ ಸಾಗರ ಸೀಮೆಯವಳು. ಅವಳ ಮುತ್ತಜ್ಜ ಗೇಣಿದಾರ. 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು ಎಲ್ಲ ಕೇಳಿಯೇ ಬೆಳೆದಿದ್ದೇವೆ. ಆ ಜಗಳದ ಬುಡದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು. ನಮ್ಮ ಆಫೀಸಿನಲ್ಲಿ ಇವತ್ತಿಗೂ ಎರಡು ಕೊಳಗ ಇವೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಗಂಡಸು ನಾಲ್ಕು ಗಂಟೆಗೇ ಎದ್ದು ಹೋದರೆ "ಪಾಪ, ತೋಟ ಇದೆ ಅವರಿಗೆ." ಇವಳು ಊರಿನ ಕೊನೇ ಬಸ್ಸು ಹಿಡಿಯೋಕೆ ಐದೂವರೆಗೆ ಹೊರಟರೆ "ಕೆಲಸದ ಮೇಲೆ ಮನಸ್ಸಿಲ್ಲ." ಅವರು ಎರಡು ಕಡೆ ಕೆಲಸ ಬಿಟ್ಟು ಇಲ್ಲಿಗೆ ಬಂದರೆ ಅದು ಅನುಭವ. ಇವಳು ಹೆರಿಗೆ ರಜೆ ತೆಗೆದುಕೊಂಡರೆ ಅದು ಅನುಭವದಲ್ಲಿ ಕಡಿತ. ಜುಲೈ ಮಳೆಯಲ್ಲಿ ಸ್ಕೂಟಿ ಹೊಡೆದುಕೊಂಡು, ಜಿಗಣೆ ಕಚ್ಚಿಸಿಕೊಂಡು, ಮನೆ ಮನೆಗೆ ಹೋಗಿ ಬಾಕಿ ವಸೂಲಿ ಮಾಡಿದವಳು ಅವಳು. ಸರ್ವ ಸದಸ್ಯರ ಸಭೆಯಲ್ಲಿ ಶಾಲು ಹೊದಿಸಿದ್ದು ಯಾರಿಗೆ ಅಂತ ಬರೆಯಲ್ಲ. ಬರೆದರೆ ಕೈ ನಡುಗುತ್ತದೆ.

"ಯೋಗ್ಯತೆ ನೋಡಬೇಕು, ಜಾತಿ, ಹೆಣ್ಣು ಗಂಡು ಅಂತ ನೋಡಬಾರದು" ಅಂತ ಕಾಮೆಂಟ್ ಹಾಕುವವರು ಇದ್ದಾರೆ. ಒಪ್ಪುತ್ತೇನೆ. ಯೋಗ್ಯತೆಯನ್ನೇ ನೋಡಿ. ಹದಿನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಮ್ಯಾನೇಜರ್ ಹುದ್ದೆಗೆ ಅರ್ಜಿ ಕರೆದಿದ್ದಾರಾ? ಪರೀಕ್ಷೆ? ಸಂದರ್ಶನ? ಯಾವುದೂ ಇಲ್ಲ. ಒಂದು ಸಂಜೆ ಯಾರದ್ದೋ ಮನೆ ಜಗಲಿಯಲ್ಲಿ ಕೂತು ಮಾತಾಡುತ್ತಾರೆ, ಬೆಳಿಗ್ಗೆ ಆದೇಶ ಬರುತ್ತದೆ. ಆ ಜಗಲಿಗೆ ನಮ್ಮನ್ನು ಯಾರೂ ಕರೆದಿಲ್ಲ.

ಇನ್ನು ಸಂಘದ ಮತದಾರರ ಪಟ್ಟಿ ತೆಗೆದು ನೋಡಿ. ಅಡಿಕೆ ಸುಲಿಯುವ ಕಾಲದಲ್ಲಿ ಯಾವ ಮನೆ ಅಂಗಳಕ್ಕೆ ಹೋದರೂ ಮೆಟ್ಟುಗತ್ತಿ ಮುಂದೆ ಕೂತವರು ಹೆಚ್ಚಿನಂಶ ಹೆಂಗಸರೇ. ರಾತ್ರಿ ಹನ್ನೊಂದರ ತನಕ ಸುಲಿಯುತ್ತಾರೆ. ಚೊಗರು ಹತ್ತಿ ಬೆರಳು ಕಪ್ಪಾಗಿರುತ್ತವೆ. ಬೇಯಿಸುವುದು, ಒಣಗಿಸುವುದು, ಆರಿಸುವುದು ಎಲ್ಲದರಲ್ಲೂ ಅವರ ಕೈ ಇದೆ. ಆದರೆ ಪಹಣಿಯಲ್ಲಿ ಹೆಸರು ಗಂಡನದ್ದೋ ಮಾವನದ್ದೋ. ನಮ್ಮಲ್ಲಿ ಪಹಣಿ ಇಲ್ಲದೆ ಸದಸ್ಯತ್ವ ಇಲ್ಲ. ಸದಸ್ಯತ್ವ ಇಲ್ಲದೆ ಮತ ಇಲ್ಲ. ಮತವೇ ಇಲ್ಲದವಳು ಅಧ್ಯಕ್ಷೆ ಆಗೋದು ಎಲ್ಲಿಂದ ಬಂತು?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ನನ್ನ ಮದುವೆ ಆಗಿದ್ದು ಅದಾದ ಮೇಲೆ. ಮದುವೆಯಾದ ಎರಡನೇ ವರ್ಷ ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರಕ್ಕೆ ನಾನು ಸಹಿ ಹಾಕಿ ಬಂದೆ. ಯಾರೂ ಒತ್ತಾಯ ಮಾಡಲಿಲ್ಲ. ತವರು ಮನೆ ಬಾಗಿಲು ಮುಚ್ಚಬಾರದು ಅಂತ ನಾನೇ ಹಾಕಿದೆ. ಆ ಮುಕ್ಕಾಲು ಎಕರೆ ನನ್ನ ಹೆಸರಲ್ಲಿ ಇದ್ದಿದ್ದರೆ ಇವತ್ತು ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ನನಗಿರುತ್ತಿತ್ತು. ಈಗ ನಾನು ಅಲ್ಲಿ ಕುರ್ಚಿ ಹಾಕಿಸುವ ಸಿಬ್ಬಂದಿ.

ಇನ್ನೊಂದು ತಪ್ಪೂ ನನ್ನದೇ. ಎರಡು ವರ್ಷದ ಹಿಂದೆ ಅವಳು ಊಟದ ಹೊತ್ತಿನಲ್ಲಿ ಕೇಳಿದ್ದಳು: "ಅಕ್ಕಾ, ಇಲ್ಲಿ ಇದ್ದು ಏನಾದ್ರೂ ಆಗುತ್ತಾ?" ನಾನು "ಸ್ವಲ್ಪ ತಾಳು, ಒಳಗಿದ್ದೇ ಸರಿಮಾಡಬೇಕು" ಅಂದಿದ್ದೆ. ನಂಬಿದಳು. ಎರಡು ವರ್ಷ ಕಾದಳು. ಆ ಎರಡು ವರ್ಷದಲ್ಲಿ ಸರಿಮಾಡೋಕೆ ನಾನು ಏನು ಮಾಡಿದೆ? ಒಂದು ಅರ್ಜಿಯನ್ನೂ ಬರೆಯಲಿಲ್ಲ. ಸುಮ್ನೆ ಇರೋದನ್ನೇ ತಾಳ್ಮೆ ಅಂದುಕೊಂಡಿದ್ದೆ. ಅವಳಿಗೂ ಅದನ್ನೇ ಕಲಿಸಿದೆ.

ಹೋಗುವುದು ಸುಲಭ ಅಂತಲೂ ತಿಳಿಯಬೇಡಿ. ಮೂರು ವರ್ಷದ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರಿಗೆ ಹೋಗುತ್ತಿದ್ದಾಳೆ. ಇಲ್ಲಿ ಕೂತವರು ಯಾರೂ "ನಾನು ಇರಲಾ, ಹೋಗಲಾ" ಅಂತ ನಿದ್ದೆಗೆಡುವುದಿಲ್ಲ. ಮೂರು ಅವಧಿ ಮುಗಿಸಿದ ಅಧ್ಯಕ್ಷರನ್ನು "ನೀವು ಯಾವಾಗ ಬಿಡ್ತೀರಿ" ಅಂತ ಕೇಳುವವರಿಲ್ಲ. ಆ ಪ್ರಶ್ನೆ ಅವಳ ತಲೆ ಮೇಲೆ ಮಾತ್ರ ಬಂತು. ನನ್ನ ತಲೆ ಮೇಲೂ ಇದೆ.

ನಾನು ಸದ್ಯಕ್ಕೆ ಹೋಗುತ್ತಿಲ್ಲ. ಆದರೆ ಮೊದಲಿನ ಹಾಗೆ ಇರುವುದೂ ಇಲ್ಲ. ಈ ಮಾರ್ಚ್ ಕೊನೆಗೆ ಮ್ಯಾನೇಜರ್ ನಿವೃತ್ತಿ ಇದೆ. ಆ ಹುದ್ದೆಗೆ ಈಗಷ್ಟೇ ಅರ್ಜಿ ಬರೆದು ಮುಗಿಸಿದೆ. ಸೇವಾ ಹಿರಿತನದ ಪಟ್ಟಿ ಕೊಡಿ, ಅರ್ಜಿ ಕರೆದು ಆಯ್ಕೆ ಮಾಡಿ ಅಂತಲೂ ಅದರಲ್ಲೇ ಕೇಳಿದ್ದೇನೆ. ಸಂಜೆ ಅವಳ ಮೆಸೇಜ್ ಬಂದಿತ್ತು: "ಅಕ್ಕಾ, ಬೇಜಾರಾದ್ರಾ?" ಉತ್ತರವಾಗಿ ಅರ್ಜಿಯ ಫೋಟೊ ಕಳಿಸಿದೆ. ನಾಳೆ ಹತ್ತೂವರೆಗೆ ಅದಕ್ಕೂ ನಾನೇ ಇನ್‌ವರ್ಡ್ ಸೀಲ್ ಹಾಕುತ್ತೇನೆ. ಬಾಯಿಮಾತಿನ ಉತ್ತರ ಬೇಡ ಅಂತ ಹೇಳಿ, ಲಿಖಿತ ಹಿಂಬರಹ ಕೇಳುತ್ತೇನೆ.